ಒಂದು ಕುರ್ಚಿ ಖಾಲಿಯಾದರೆ: ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಸಹಾಯಕ ತರಬೇತುದಾರರ ನೇಮಕ



ಫುಟ್‌ಬಾಲ್ ಎಂದೊಡನೆ ಕಾಸರಗೋಡು, ವಯನಾಡಿನ ಕಡೆಯ ಕೇಳುಗರ ಕಣ್ಣ ಮುಂದೆ ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಸೆವೆನ್ಸ್ ಪಂದ್ಯ ಬಂದು ನಿಲ್ಲುತ್ತದೆ. ನಾವು ಇಂದು ಮಾತನಾಡಲಿರುವುದು ಆ ಕಾಲ್ಚೆಂಡಿನ ವಿಷಯವಲ್ಲ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿ ಚೆಂಡು ಉದ್ದುದ್ದನೆಯ ಮೊಟ್ಟೆಯಂತಿರುತ್ತದೆ. ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಒಂದೊಂದು ಕಡೆ 11 ಮಂದಿ. ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಆಕ್ರಮಣಕ್ಕೆ ಇಳಿಯುವ ಹನ್ನೊಂದು ಮಂದಿ ಬೇರೆ, ರಕ್ಷಣೆಗೆ ನಿಲ್ಲುವ ಹನ್ನೊಂದು ಮಂದಿ ಬೇರೆ.

ಆ ದೇಶದಲ್ಲಿ ಕಾಲೇಜು ತಂಡಗಳ ಆಟ ನೋಡಲು ಸೇರುವ ಜನವನ್ನು ಕೇಳಿದರೆ ನೀವು ಬೆರಗಾಗುವಿರಿ. ಅಲಬಾಮಾ ರಾಜ್ಯದ ಟಸ್ಕಲೂಸಾ ಊರಿನಲ್ಲಿರುವ ವಿಶ್ವವಿದ್ಯಾನಿಲಯದ ಕ್ರೀಡಾಂಗಣ ಒಂದರಲ್ಲೇ ಒಂದು ಲಕ್ಷ ಜನ ಕೂರಬಹುದು. ಇಷ್ಟು ದೊಡ್ಡ ಆಟಕ್ಕೆ ತರಬೇತುದಾರ ಒಬ್ಬನೇ ಇದ್ದರೆ ಸಾಲದು. ಮುಖ್ಯ ತರಬೇತುದಾರರ ಕೈಕೆಳಗೆ ಆಕ್ರಮಣಕ್ಕೊಬ್ಬರು, ರಕ್ಷಣೆಗೊಬ್ಬರು ಮುಖ್ಯಸ್ಥರಿರುತ್ತಾರೆ. ಅವರ ಕೆಳಗೆ ಚೆಂಡು ಎಸೆಯುವವರಿಗೆ, ಹಿಡಿಯುವವರಿಗೆ, ಓಡುವವರಿಗೆ, ಎದುರಾಳಿಯನ್ನು ತಡೆಯುವವರಿಗೆ ಒಬ್ಬೊಬ್ಬ ಕೋಚ್. ಮೇಲ್ದರ್ಜೆಯ ತಂಡಗಳಿಗೆ 2018ರ ಜನವರಿಯಿಂದ ಇಂಥ 10 ಮಂದಿ ಸಹಾಯಕರಿಗೆ ಅವಕಾಶವಿತ್ತು. ಅದಕ್ಕೆ ಮೊದಲು ಒಂಬತ್ತೇ. 2024ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ, ಮೈದಾನದಲ್ಲಿ ಆಟ ಹೇಳಿಕೊಡುವವರ ಸಂಖ್ಯೆಗಿದ್ದ ಮಿತಿಯನ್ನು ತೆಗೆದುಹಾಕಿತು. ಊರೂರಿಗೆ ಹೋಗಿ ಹೊಸ ಹುಡುಗರನ್ನು ಕಂಡು ಕರೆತರುವವರ ಮಿತಿಯನ್ನು ಮಾತ್ರ ಉಳಿಸಿಕೊಂಡಿತು.

ಈ ಕೊನೆಯ ಮಾತನ್ನು ಸ್ವಲ್ಪ ಗಮನಿಸಿ. ಸಹಾಯಕ ಕೋಚ್ ಮೈದಾನದಲ್ಲಿ ಸೀಟಿ ಊದುವವನಷ್ಟೇ ಅಲ್ಲ. ಹೈಸ್ಕೂಲಿನ ಹುಡುಗನ ಮನೆಗೆ ಹೋಗಿ, ತಾಯಿತಂದೆಯರ ಎದುರು ಕುಳಿತು, "ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕಳುಹಿಸಿ, ನಾನು ನೋಡಿಕೊಳ್ಳುತ್ತೇನೆ" ಎಂದು ಮಾತು ಕೊಡುವವನೂ ಹೆಚ್ಚಾಗಿ ಅವನೇ. ಹುಡುಗ ಬರುವುದು ಕಾಲೇಜಿನ ಹೆಸರನ್ನು ನಂಬಿ ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಅವನು ಬರುವುದು ಆ ಒಬ್ಬ ಮನುಷ್ಯನನ್ನು ನಂಬಿ.

ಹಾಗಿದ್ದರೆ ಆ ಮನುಷ್ಯನೇ ಬಿಟ್ಟುಹೋದಾಗ ಏನಾಗುತ್ತದೆ? ಖಾಲಿಯಾದ ಸ್ಥಾನವನ್ನು ಹೇಗೆ ತುಂಬುತ್ತಾರೆ? ಇದಕ್ಕೆ 2024ರ ಜನವರಿ ತಿಂಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅಲಬಾಮಾದಲ್ಲಿ ನಿಕ್ ಸೇಬನ್ ಎಂಬವರು 2007ರಿಂದ ಮುಖ್ಯ ತರಬೇತುದಾರರಾಗಿದ್ದರು. 17 ಋತುಗಳಲ್ಲಿ ಆರು ಸಲ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿಸಿದವರು. 2024ರ ಜನವರಿ 10ರಂದು ಅವರು ನಿವೃತ್ತಿ ಘೋಷಿಸಿದರು. ಎರಡೇ ದಿನಗಳಲ್ಲಿ, 12ನೇ ತಾರೀಕು, ದೇಶದ ಇನ್ನೊಂದು ಮೂಲೆಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಿಂದ ಕೇಲನ್ ಡೆಬೋರ್ ಅವರನ್ನು ಕರೆತಂದರು. ಈಗ ವಾಷಿಂಗ್ಟನ್ ಖಾಲಿ. ಅವರು 14ರಂದು ಅರಿಝೋನಾದಿಂದ ಜೆಡ್ ಫಿಶ್ ಅವರನ್ನು ತಂದರು. ಅರಿಝೋನಾದವರು 16ರಂದು ಸ್ಯಾನ್ ಹೋಸೆ ಸ್ಟೇಟ್‌ನಿಂದ ಬ್ರೆಂಟ್ ಬ್ರೆನ್ನನ್ ಅವರನ್ನು ತಂದರು. ಸ್ಯಾನ್ ಹೋಸೆಯವರು ಅದೇ ತಿಂಗಳು ಕೆನ್ ನಿಯುಮಟಲೋಲೊ ಅವರನ್ನು ನೇಮಿಸಿದರು. ಅವರು ಅಲ್ಲಿಯ ತನಕ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾನಿಲಯದ ತಂಡದಲ್ಲಿ ಸಹಾಯಕರಾಗಿದ್ದವರು. ಕೆರೆಗೆ ಎಸೆದ ಕಲ್ಲು ಒಂದೇ, ಅಲೆಗಳೋ ದಡದವರೆಗೆ. ಒಬ್ಬ ಹಿರಿಯರು ವಿಶ್ರಾಂತಿ ಬಯಸಿದ್ದಕ್ಕೆ ಐದು ವಿಶ್ವವಿದ್ಯಾನಿಲಯಗಳಲ್ಲಿ ಕುರ್ಚಿಗಳು ಅಲುಗಾಡಿದವು.

ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂದದ್ದು ಮುಖ್ಯ ತರಬೇತುದಾರರ ಹೆಸರುಗಳು. ಆದರೆ ಹೊಸ ಯಜಮಾನರು ಬಂದೊಡನೆ ಹಳೆಯ ಸಹಾಯಕರ ಉದ್ಯೋಗವೂ ತೂಗುಯ್ಯಾಲೆ ಏರುತ್ತದೆ. ಒಂದೊಂದು ತಂಡಕ್ಕೆ ಹತ್ತು ಸಂಸಾರ ಎಂದು ಲೆಕ್ಕ ಹಾಕಿ ನೋಡಿ. ಯಾರನ್ನು ಉಳಿಸುತ್ತಾರೆ, ಯಾರನ್ನು ಬಿಡುತ್ತಾರೆ ಎಂದು ಎಲ್ಲರೂ ಫೋನಿನ ಕಡೆ ಕಿವಿಯಿಟ್ಟು ಕೂರುವ ಕಾಲ ಅದು. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ ಎಂದು ಯಕ್ಷಗಾನ ಕಲಾವಿದರಲ್ಲಿ ಮಾತು ನಡೆಯುವುದನ್ನು ಕಾಸರಗೋಡಿನ ಕೇಳುಗರು ಬಲ್ಲರು. ವ್ಯತ್ಯಾಸವಿಷ್ಟೆ: ಮೇಳಕ್ಕೆ ಮಳೆಗಾಲದ ಬಿಡುವಿದೆ, ಅಮೆರಿಕದ ಕೋಚುಗಳಿಗೆ ಸಿಗುವುದು ಕೆಲವೇ ದಿನ.

ಇನ್ನು ಆಯ್ಕೆಯ ಬಗೆಯನ್ನು ನೋಡೋಣ. ಜಾಹೀರಾತು, ಅರ್ಜಿ, ಸಂದರ್ಶನ ಎಲ್ಲವೂ ಕಾಗದದ ಮೇಲೆ ಇರಬಹುದು. ಆದರೆ ಹೆಚ್ಚಿನ ನೇಮಕಗಳು ನಡೆಯುವುದು ಮೂರು ದಾರಿಗಳಲ್ಲಿ.

ಮೊದಲನೆಯದು, ಹಿಂದೆ ಜೊತೆಗೆ ದುಡಿದವರನ್ನು ಕರೆತರುವುದು. ಡೆಬೋರ್ ಅವರು ರಕ್ಷಣಾ ವಿಭಾಗಕ್ಕೆ ಆರಿಸಿದ್ದು ಕೇನ್ ವೊಮ್ಯಾಕ್ ಅವರನ್ನು. ಇಬ್ಬರೂ 2019ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ ಸಹಾಯಕರಾಗಿ ಒಟ್ಟಿಗೆ ಕೆಲಸ ಮಾಡಿದ್ದರು. ವಿಶೇಷವೆಂದರೆ, ವೊಮ್ಯಾಕ್ ಆಗ ಸೌತ್ ಅಲಬಾಮಾ ತಂಡದ ಮುಖ್ಯ ತರಬೇತುದಾರರೇ ಆಗಿದ್ದರು. ಸಣ್ಣ ಮನೆಯ ಯಜಮಾನಿಕೆ ಬಿಟ್ಟು ದೊಡ್ಡ ಮನೆಯಲ್ಲಿ ಎರಡನೆಯವರಾಗಿ ಬಂದರು. ಆ ಸಣ್ಣ ಮನೆಯಲ್ಲೂ ಒಂದು ಕುರ್ಚಿ ಖಾಲಿಯಾಯಿತು. ಅಲ್ಲಿ ಸಹಾಯಕರಾಗಿದ್ದ ಮೇಜರ್ ಆ್ಯಪಲ್‌ವೈಟ್ ಅವರನ್ನು ಮೇಲಕ್ಕೇರಿಸಿದರು.

ಎರಡನೆಯ ದಾರಿ, ಒಳಗಿನವರಿಗೇ ಬಡ್ತಿ ಕೊಡುವುದು. ಆಕ್ರಮಣ ವಿಭಾಗಕ್ಕೆಂದು ಡೆಬೋರ್ ತಮ್ಮ ಬಹುಕಾಲದ ಜೊತೆಗಾರ ರಯಾನ್ ಗ್ರಬ್ ಅವರನ್ನು ಕರೆತಂದಿದ್ದರು. ಸೂ ಫಾಲ್ಸ್ ಎಂಬ ಪುಟ್ಟ ವಿಶ್ವವಿದ್ಯಾನಿಲಯದ ಕಾಲದಿಂದ ಬಂದ ಸ್ನೇಹ ಅದು. ಆದರೆ ಫೆಬ್ರವರಿಯಲ್ಲಿ ಸಿಯಾಟಲ್‌ನ ವೃತ್ತಿಪರ ತಂಡ ಅವರನ್ನು ಕರೆಯಿತು, ಅವರು ಹೊರಟೇಬಿಟ್ಟರು. ಹೊಸದಾಗಿ ತುಂಬಿದ ಸ್ಥಾನ ಒಂದು ಪಂದ್ಯ ಆಡುವ ಮೊದಲೇ ಮತ್ತೆ ಬರಿದಾಯಿತು. ಆಗ ಹೊರಗೆ ಹುಡುಕಲು ಹೋಗದೆ, ವಾಷಿಂಗ್ಟನ್‌ನಿಂದ ಜೊತೆಗೇ ಬಂದಿದ್ದ ನಿಕ್ ಶೆರಿಡನ್ ಅವರಿಗೆ ಆ ಹೊಣೆ ಒಪ್ಪಿಸಿದರು. ಗ್ರಬ್ 2025ರಲ್ಲಿ ಮತ್ತೆ ಅಲಬಾಮಾಕ್ಕೆ ಮರಳಿದರು ಎಂಬುದನ್ನೂ ಹೇಳಬೇಕು.

ಮೂರನೆಯ ದಾರಿ, ಹಳೆಯ ಯಜಮಾನರ ಕಾಲದ ಕೆಲವರನ್ನು ಉಳಿಸಿಕೊಳ್ಳುವುದು. ಓಟಗಾರರ ಕೋಚ್ ರಾಬರ್ಟ್ ಗಿಲೆಸ್ಪಿ, ರಕ್ಷಣೆಯ ಮುಂಚೂಣಿಯ ಕೋಚ್ ಫ್ರೆಡ್ಡಿ ರೋಚ್ ಇಬ್ಬರೂ ಸೇಬನ್ ಅವರ ಬಳಗದವರು. ಇಬ್ಬರನ್ನೂ ಡೆಬೋರ್ ಉಳಿಸಿಕೊಂಡರು. ರೋಚ್ ಹಿಂದೆ ಅದೇ ಅಲಬಾಮಾಕ್ಕೆ ಆಡಿದವರೂ ಹೌದು. ಹೊಸಬರ ಮಧ್ಯೆ ಹುಡುಗರಿಗೆ ಗುರುತಿನ ಮುಖ ಒಂದೆರಡಾದರೂ ಬೇಕಲ್ಲವೆ?

ಪರಿಚಯದವರನ್ನೇ ಏಕೆ ಹುಡುಕುತ್ತಾರೆ, ಇದು ಬರಿಯ ತಮ್ಮವರೆಂಬ ಮೋಹವೇ ಎಂದು ನೀವು ಕೇಳಬಹುದು. ಮೋಹವೂ ಇದ್ದೀತು. ಆದರೆ ಇನ್ನೊಂದು ಬಲವಾದ ಕಾರಣವಿದೆ, ಅದನ್ನು ಗಡಿನಾಡಿನ ನಮ್ಮ ಕೇಳುಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಅದು ಭಾಷೆ. ಸೊಲ್ಲಾಪುರದ ಕನ್ನಡ ಮನೆಯ ಉಳ್ಳಾಗಡ್ಡಿ ಪೇಟೆಗೆ ಹೋದರೆ ಕಾಂದಾ ಆಗುತ್ತದೆ. ವಸ್ತು ಒಂದೇ, ಹೆಸರು ಎರಡು. ಈ ಆಟದಲ್ಲೂ ಒಬ್ಬೊಬ್ಬ ಕೋಚಿಗೆ ಒಂದೊಂದು ಪರಿಭಾಷೆ. ರಕ್ಷಣೆಯ ಹಿಂಬದಿಯಲ್ಲಿ ಹೆಚ್ಚುವರಿಯಾಗಿ ನಿಲ್ಲುವ ಐದನೆಯ ಆಟಗಾರನ ಸ್ಥಾನವನ್ನು ಸೇಬನ್ ಕಾಲದಲ್ಲಿ ಅಲಬಾಮಾದವರು 'ಸ್ಟಾರ್' ಎನ್ನುತ್ತಿದ್ದರು. ವೊಮ್ಯಾಕ್ ಬಂದ ಮೇಲೆ ಅದು 'ಹಸ್ಕಿ' ಆಯಿತು. ಹೀಗೆ ನೂರಾರು ಹೆಸರುಗಳು. ಮೈದಾನದ ಗದ್ದಲದಲ್ಲಿ ಒಂದು ಕೂಗು ಕಿವಿಗೆ ಬಿದ್ದೊಡನೆ ಹನ್ನೊಂದು ಮಂದಿ ಒಟ್ಟಿಗೆ ಅಲುಗಬೇಕು. ತರ್ಜುಮೆ ಮಾಡಿಕೊಳ್ಳುತ್ತ ನಿಂತವನು ಅಲ್ಲೇ ಬಿದ್ದ ಎಂದು ತಿಳಿಯಿರಿ. ಆದುದರಿಂದ ತಮ್ಮ ಪರಿಭಾಷೆಯನ್ನು ಬಲ್ಲ ಸಹಾಯಕ ಸಿಕ್ಕರೆ ಮುಖ್ಯ ತರಬೇತುದಾರರಿಗೆ ಅರ್ಧ ಭಾರ ಇಳಿದಂತೆ.

ಆದರೆ ಈ ಪದ್ಧತಿಗೆ ಒಂದು ಕೊರತೆಯೂ ಉಂಟು. ಪರಿಚಯದ ದಾರಿಯಲ್ಲೇ ಕೆಲಸ ಹಂಚುವಾಗ, ಪರಿಚಯವಿಲ್ಲದವನು ಎಷ್ಟೇ ಜಾಣನಾದರೂ ಬಾಗಿಲ ಹೊರಗೇ ಉಳಿಯುತ್ತಾನೆ. ಅವನಿಗೆ ಒಳಬರಲು ಇರುವ ಮುಖ್ಯ ಕಿಂಡಿ ಎಂದರೆ, ಮೇಲಿನ ಓದು ಓದುತ್ತ ಅಲ್ಪ ಸಂಬಳಕ್ಕೆ ತಂಡದ ಚಾಕರಿ ಮಾಡುವ ವಿದ್ಯಾರ್ಥಿ ಸಹಾಯಕನ ಹುದ್ದೆ. ನಿಕ್ ಸೇಬನ್ ಅವರೂ 1973ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಹೀಗೆಯೇ ಆರಂಭಿಸಿದವರು. ಮೇಲೇರಿದ ಕೆಲವರಿಗೆ ಮಾತ್ರ ದೊಡ್ಡ ಹಣ: 2018ರಲ್ಲಿ ಲೂಯಿಸಿಯಾನಾ ಸ್ಟೇಟ್ ತಂಡದ ರಕ್ಷಣಾ ಮುಖ್ಯಸ್ಥ ಡೇವ್ ಅರಾಂಡಾ ಅವರೊಡನೆ ಆದ ಒಪ್ಪಂದ ವರ್ಷಕ್ಕೆ 25 ಲಕ್ಷ ಡಾಲರುಗಳದ್ದು.

ಕೊನೆಗೆ ಆ ಹುಡುಗನ ಮಾತಿಗೆ ಬರೋಣ. 2023ರ ಡಿಸೆಂಬರ್ 20ರಂದು, ಮುಂದಿನ ವರ್ಷ ಸೇರುವ ಹುಡುಗರು ಕಾಲೇಜುಗಳಿಗೆ ಸಹಿ ಹಾಕಿಕೊಡಲು ಆರಂಭಿಸಿದ್ದರು. ಮೂರು ವಾರದಲ್ಲಿ ಸೇಬನ್ ನಿವೃತ್ತರಾದರು. ಮುಖ್ಯ ತರಬೇತುದಾರ ಹೊರಟರೆ ತಂಡದ ಆಟಗಾರರಿಗೆ ಬೇರೆ ಕಾಲೇಜು ಹುಡುಕಿಕೊಳ್ಳಲು ಆಗಿನ ನಿಯಮ 30 ದಿನಗಳ ಅವಕಾಶ ಕೊಡುತ್ತಿತ್ತು. ಅಲಬಾಮಾದಿಂದಲೂ ವಾಷಿಂಗ್ಟನ್‌ನಿಂದಲೂ ಹಲವರು ಹೊರಟರು. ಆದರೆ ಸಹಾಯಕ ಕೋಚ್ ಒಬ್ಬನೇ ಬಿಟ್ಟುಹೋದರೆ ಅಂಥ ವಿಶೇಷ ಅವಕಾಶವಿಲ್ಲ. ಮನೆಗೆ ಬಂದು ಮಾತು ಕೊಟ್ಟವನು, ದಿನವೂ ಎದುರು ನಿಂತು ಕಲಿಸಿದವನು ಅವನೇ ಆಗಿದ್ದರೂ ನಿಯಮದ ಕಣ್ಣಿಗೆ ಅದು ಕಾಣದು.

ಆ ವರ್ಷದ ಫಲಿತಾಂಶವನ್ನೂ ಕೇಳಿ. 2023ರ ಋತುವಿನಲ್ಲಿ 14 ಪಂದ್ಯ ಗೆದ್ದು ಫೈನಲಿನಲ್ಲಿ ಮಾತ್ರ ಸೋತಿದ್ದ ವಾಷಿಂಗ್ಟನ್, 2024ರಲ್ಲಿ 6 ಗೆದ್ದು 7 ಸೋತಿತು. ಅಲಬಾಮಾ 9 ಗೆದ್ದು 4 ಸೋತಿತು. ನುರಿತ ಆಟಗಾರರು ಹೋದದ್ದು ಒಂದು ಕಾರಣ, ಕಲಿಸುವ ಬಳಗ ಬದಲಾದದ್ದು ಇನ್ನೊಂದು. ಯಾವುದರ ಪಾಲೆಷ್ಟು ಎಂದು ತಕ್ಕಡಿಯಲ್ಲಿ ತೂಗಲಾಗದು.

ಆದುದರಿಂದ ಕೇಳುಗರೇ, ಖಾಲಿ ಸ್ಥಾನ ತುಂಬಿತು ಎಂಬ ಸುದ್ದಿ ಬಂದಾಗ, ಬಂದವರು ಯಾರು ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಹಳಬರಲ್ಲಿ ಉಳಿದವರು ಯಾರು? ಹುಡುಗನಿಗೆ ಕೊಟ್ಟ ಮಾತನ್ನು ಇನ್ನು ನಡೆಸಿಕೊಡುವವರು ಯಾರು? ಒಳ್ಳೆಯ ನೇಮಕವೆಂದರೆ ಈ ಎರಡಕ್ಕೂ ಉತ್ತರವಿರುವ ನೇಮಕ.