ಹೊರೆ ಹೊತ್ತ ಮೇಲೆ ಬೈಕೇ ಬೇರೆ

ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಓಡಿಸಿದ ತಲೆಮಾರಿನವರಿಗೆ ಇಂದಿನ ಟೂರಿಂಗ್ ಹುಡುಗರನ್ನು ಕಂಡರೆ ಒಂದು ವಿಷಯಕ್ಕೆ ನಗು. ಲಾಡ್ಜ್ ತಲುಪಿದ್ದೇ ತಡ, ಮುಖ ತೊಳೆಯುವುದಕ್ಕೂ ಮೊದಲು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಳೇ ಬನಿಯನ್ ಚೂರಿನಿಂದ ಚೈನ್ ಒರೆಸುತ್ತಾರಲ್ಲ, ಅದಕ್ಕೆ. ಆ ಹಳೇ ಗಾಡಿಗಳ ಚೈನು ಪೂರ್ತಿ ತಗಡಿನ ಕವರಿನೊಳಗೆ ಇರುತ್ತಿತ್ತು. ಧೂಳು ಹೋಗುತ್ತಿರಲಿಲ್ಲ, ಪಂಚೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಇವತ್ತಿನ ಬೈಕಿನ ಚೈನು ಬೆತ್ತಲೆ. ಆರೈಕೆಯೆಲ್ಲ ಸವಾರನ ಪಾಲಿಗೆ ಬಂದಿದೆ.

ಸ್ಪೋರ್ಟ್ ಟೂರರ್ ಅನ್ನುವುದೇ ಒಂದು ರಾಜಿ ಬೈಕು. ರೇಸ್ ಬೈಕಿನಂತೆ ತಿರುವಿನಲ್ಲಿ ಚುರುಕಾಗಿ ವಾಲಬೇಕು, ದಿನಕ್ಕೆ ನಾನೂರು ಕಿಲೋಮೀಟರ್ ಓಡಿದರೂ ಸೊಂಟ ಹಿಡಿಯಬಾರದು. ನಮ್ಮಲ್ಲಿ ಇದರ ರುಚಿಯನ್ನು ಬಹಳ ಜನರಿಗೆ ಹತ್ತಿಸಿದ್ದು 2003ರಲ್ಲಿ ಬಂದ 223 ಸಿಸಿಯ ಕರಿಜ್ಮಾ. ಈಗ ಡಾಮಿನಾರ್ 400ರಿಂದ ಹಿಡಿದು ಕವಾಸಕಿಯ ಸಾವಿರ ಸಿಸಿ ದಾಟಿದ ನಿಂಜಾವರೆಗೆ ಆಯ್ಕೆಗಳಿವೆ. ಹೋಂಡಾದ ಪ್ಯಾನ್ ಯುರೋಪಿಯನ್‌ನಂಥ ದೊಡ್ಡ ಗಾಡಿಗಳಲ್ಲಿ ಚೈನೇ ಇಲ್ಲ, ಕಾರಿನಂತೆ ಶಾಫ್ಟ್. ತೂಕ ಹೆಚ್ಚಾದರೂ ಒರೆಸುವ ಕೆಲಸ ತಪ್ಪಿತು. ನಾವು ಹೆಚ್ಚಿನವರು ಕೊಳ್ಳುವುದು ಚೈನಿನ ಗಾಡಿಯನ್ನೇ.

ಚೈನು "ಎಳೆದುಕೊಂಡಿದೆ" ಅನ್ನುತ್ತಾರೆ ಮೆಕ್ಯಾನಿಕ್‌ಗಳು. ನಿಜಕ್ಕೂ ಉಕ್ಕು ಎಳೆದುಕೊಳ್ಳುವುದಿಲ್ಲ. ಒಂದೊಂದು ಕೊಂಡಿಯ ಪಿನ್ನೂ ಅದು ತಿರುಗುವ ಬುಷ್ಷೂ ಚೂರು ಚೂರೇ ಸವೆಯುತ್ತವೆ. 110 ಕೊಂಡಿಗಳ ಚೈನಿನಲ್ಲಿ ಒಂದೊಂದು ಕಡೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಸವೆದರೂ ಒಟ್ಟು ಉದ್ದ 11 ಮಿಲಿಮೀಟರ್ ಹೆಚ್ಚಿತು. ಈ ಸವೆತ ತಡೆಯಲೆಂದೇ ಈಗಿನ ಚೈನುಗಳ ಪಿನ್ನಿನ ಸುತ್ತ ಗ್ರೀಸ್ ತುಂಬಿ, ಎರಡೂ ಬದಿ ಸಣ್ಣ ರಬ್ಬರ್ ಉಂಗುರ ಕೂರಿಸಿ ಮುಚ್ಚಿರುತ್ತಾರೆ. ನಾವು ಮೇಲಿನಿಂದ ಹಾಕುವ ಎಣ್ಣೆ ಆ ಗ್ರೀಸಿಗೆ ಬದಲಿಯಲ್ಲ. ಉಂಗುರ ಒಣಗದಂತೆ, ರೋಲರ್ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಹಾಗಾಗಿ ಪೆಟ್ರೋಲ್ ಸುರಿದು, ತಂತಿ ಬ್ರಷ್‌ನಿಂದ ಉಜ್ಜಿ ಫಳಫಳ ಮಾಡುವುದು ಚೈನಿಗೆ ಮಾಡುವ ಉಪಕಾರವಲ್ಲ. ಆ ಉಂಗುರ ಕಿತ್ತುಹೋದರೆ ಒಳಗಿನ ಗ್ರೀಸ್ ಹೊರಗೆ, ರಸ್ತೆಯ ಧೂಳು ಒಳಗೆ. ಸ್ವಲ್ಪ ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ಬ್ರಷ್, ಒಣಬಟ್ಟೆ, ಆಮೇಲೆ 90 ನಂಬರಿನ ಗೇರ್ ಆಯಿಲ್ ಸಾಕು. ಸುಮಾರು 500 ಕಿಲೋಮೀಟರಿಗೊಮ್ಮೆ. ಮಳೆಯಲ್ಲಿ ಓಡಿಸಿದ್ದರೆ ಅವತ್ತೇ ಸಂಜೆ. ಎಣ್ಣೆ ಹಾಕುವುದು ಓಡಿಸಿ ಬಂದು ಚೈನು ಬೆಚ್ಚಗಿರುವಾಗ, ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ. ಗೇರಿನಲ್ಲಿಟ್ಟು ಚಕ್ರ ತಿರುಗಲು ಬಿಟ್ಟು ಬಟ್ಟೆ ಹಿಡಿದ ಕೈಗಳು ಬೆರಳು ಕಳೆದುಕೊಂಡದ್ದುಂಟು.

ಸಡಿಲ ಎಷ್ಟಿರಬೇಕು ಎಂಬುದು ಬೈಕಿನ ಕೈಪಿಡಿಯಲ್ಲಿ ಇರುತ್ತದೆ. ಆದರೆ ಅದರ ಹಿಂದಿನ ಕಾರಣ ತಿಳಿದರೆ ಒಂದು ದುಬಾರಿ ತಪ್ಪು ತಪ್ಪುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ. ಖಾಲಿ ಬೈಕು ಸ್ಟ್ಯಾಂಡಿನ ಮೇಲಿದ್ದಾಗ ಹಾಗಿರುವುದಿಲ್ಲ. ಹಿಂದೆ ಹೆಂಡತಿ, ಎರಡು ಬದಿಗೆ ಚೀಲ, ರಸ್ತೆಯಲ್ಲಿ ಬಣ್ಣ ಬಳಿಯದ ಹಂಪು: ಆಗ ಮೂರೂ ಆ ಗೆರೆಗೆ ಬರುತ್ತವೆ. ಮನೆಯಲ್ಲಿ "ಸದ್ದು ಬರಬಾರದು" ಎಂದು ಬಿಗಿ ಮಾಡಿಸಿದ ಚೈನು ಅಲ್ಲಿ ತಂತಿಯಂತೆ ಸೆಟೆದು, ಗೇರ್‌ಬಾಕ್ಸಿನ ಶಾಫ್ಟಿನ ಬೇರಿಂಗನ್ನೇ ಜಗ್ಗುತ್ತದೆ. ಚೈನ್ ಸೆಟ್ ಬದಲಿಸುವುದು ಅರ್ಧ ದಿನದ ಕೆಲಸ; ಆ ಬೇರಿಂಗ್ ಹೋದರೆ ಎಂಜಿನ್ ಬಿಚ್ಚಬೇಕು. ಟೂರಿಗೆ ಹೊರಡುವಾಗ ಬಿಗಿಗಿಂತ ತುಸು ಸಡಿಲವೇ ವಾಸಿ.

ಬೈಕು ಷೋರೂಮಿನಿಂದ ಬರುವುದು ಒಬ್ಬ ಸಾಧಾರಣ ಮೈಕಟ್ಟಿನ ಸವಾರನನ್ನು ಲೆಕ್ಕಕ್ಕಿಟ್ಟುಕೊಂಡು. ಹೊರೆ ಹೊತ್ತ ಮೇಲೆ ಅದು ಬೇರೆಯೇ ಗಾಡಿ. ಮಾರ್ಪಾಡು ಎಂದೊಡನೆ ನಾವು ಏನು ಕೊಳ್ಳೋಣ ಎಂದು ಹುಡುಕುತ್ತೇವೆ. ಸೀಟಿನ ಕೆಳಗೆ ಬಿದ್ದಿರುವ ಸಿ ಆಕಾರದ ಸ್ಪ್ಯಾನರ್ ಯಾತಕ್ಕೆ ಎಂದು ಕೇಳುವವರು ಕಡಿಮೆ. ಹಿಂದಿನ ಶಾಕ್ಸಿನ ಪ್ರೀಲೋಡ್ ಹೆಚ್ಚಿಸಲು ಅದು. ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂಬುದು ತಪ್ಪು ನಂಬಿಕೆ. ಸ್ಪ್ರಿಂಗಿನ ಗುಣ ಹಾಗೇ ಇರುತ್ತದೆ, ಭಾರಕ್ಕೆ ಕುಸಿದ ಬೈಕಿನ ಹಿಂಭಾಗ ಮೇಲೇಳುತ್ತದೆ ಅಷ್ಟೆ. ಆ 'ಅಷ್ಟೆ'ಯೇ ದೊಡ್ಡದು. ಹಿಂಭಾಗ ಕುಸಿದರೆ ಮುಂಭಾಗ ಎದ್ದು, ತಿರುವಿನಲ್ಲಿ ಬೈಕು ಹೊರಗೆ ಹೊರಗೆ ಹೋಗಲು ನೋಡುತ್ತದೆ. ಹೆಡ್‌ಲೈಟ್ ಎದುರಿನವನ ಕಣ್ಣಿಗೆ ನೆಟ್ಟಗೆ ಹೊಡೆಯುತ್ತದೆ. ಅವನು ಡಿಮ್ ಡಿಪ್ ಮಾಡಿ ಬೈಯುತ್ತಿದ್ದರೆ, ನಾವು "ಡಿಮ್ಮಲ್ಲೇ ಇದೆಯಲ್ಲ ಮಾರಾಯ" ಅಂದುಕೊಂಡು ಸಾಗುತ್ತೇವೆ.

ಚೀಲವನ್ನು ಎಲ್ಲಿ ಕಟ್ಟುತ್ತೇವೆ ಎಂಬುದಕ್ಕೆ ನಮ್ಮ ಏತದ ಲೆಕ್ಕ ಸಾಕು. ಹಿಂದಿನ ಆಕ್ಸಲಿನಿಂದ 40 ಸೆಂಟಿಮೀಟರ್ ಆಚೆ ಚಾಚಿದ ಟಾಪ್ ಬಾಕ್ಸಿನಲ್ಲಿ 10 ಕಿಲೋ ತುಂಬಿದಿರಿ ಅನ್ನಿ. ಎರಡು ಚಕ್ರಗಳ ನಡುವಿನ ಅಂತರ 145 ಸೆಂಟಿಮೀಟರ್ ಇದ್ದರೆ ಹಿಂದಿನ ಚಕ್ರದ ಮೇಲೆ ಬೀಳುವುದು 10 ಅಲ್ಲ, ಹೆಚ್ಚುಕಡಿಮೆ 12 ಮುಕ್ಕಾಲು ಕಿಲೋ. ಆ ಎರಡು ಮುಕ್ಕಾಲು ಮುಂದಿನ ಚಕ್ರದಿಂದ ಕಿತ್ತುಕೊಂಡು ಬಂದದ್ದು. ಭಾರದ ಸಾಮಾನು, ಅಂದರೆ ಟೂಲ್ಸ್, ನೀರು, ಬೀಗ, ಸ್ಯಾಡಲ್ ಬ್ಯಾಗಿನ ತಳದಲ್ಲಿ ಮುಂದಕ್ಕಿರಲಿ, ಇಲ್ಲವೇ ಟ್ಯಾಂಕ್ ಬ್ಯಾಗಿನಲ್ಲಿ. ಟಾಪ್ ಬಾಕ್ಸಿಗೆ ರೇನ್‌ಕೋಟು, ಜಾಕೆಟ್ಟಿನಂಥ ಹಗುರ ಸಾಮಾನು. ಊರಿನಿಂದ ಬರುವಾಗ ಅಮ್ಮ ಕೊಡುವ ತೆಂಗಿನಕಾಯಿ ಚೀಲ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಗಾಳಿಯದು ಇನ್ನೊಂದು ಕಥೆ. ವೇಗ 80ರಿಂದ 120ಕ್ಕೆ ಏರಿದರೆ ಗಾಳಿಯ ಎದುರೊತ್ತಡ ಎರಡೂಕಾಲು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಸುಮಾರು 3.4 ಪಟ್ಟು. ಬಿಎಂಡಬ್ಲ್ಯು 1976ರಲ್ಲಿ ಆರ್100ಆರ್‌ಎಸ್ ಬೈಕಿನ ಮೈ ಮುಚ್ಚುವ ಫೇರಿಂಗನ್ನು ಇಟಲಿಯ ಪಿನಿನ್‌ಫಾರಿನಾ ಗಾಳಿ ಸುರಂಗದಲ್ಲಿ ಇಟ್ಟು ರೂಪಿಸಿದ್ದು ಇದಕ್ಕೇ. ನಾವು ಕಣ್ಣಳತೆಯಲ್ಲಿ ಎತ್ತರದ ವಿಂಡ್‌ಸ್ಕ್ರೀನ್ ಕೊಂಡು ಹಾಕಿದರೆ ಎದೆಗೆ ತಾಗುತ್ತಿದ್ದ ನೇರ ಗಾಳಿ ಸುಳಿಯಾಗಿ ಹೆಲ್ಮೆಟ್ಟಿಗೆ ಬಡಿಯುವುದೂ ಉಂಟು. ಗೆಳೆಯನ ಬೈಕಿನ ಸ್ಕ್ರೀನ್ ಒಂದು ದಿನ ಸಾಲ ತಂದು ನೋಡಿ, ಆಮೇಲೆ ಕೊಳ್ಳಿ.

ಹೆಚ್ಚುವರಿ ದೀಪದ ವಿಷಯದಲ್ಲಿ ನನ್ನದೇ ಪೆದ್ದುತನ ಹೇಳಬೇಕು. ರಿಲೇ, ಫ್ಯೂಸ್ ಇಲ್ಲದೆ ಹೆಡ್‌ಲೈಟಿನ ವೈರಿಗೇ ಕೊಕ್ಕೆ ಹಾಕಿ ಎರಡು ಫಾಗ್ ಲ್ಯಾಂಪ್ ಕೂರಿಸಿದ್ದೆ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ವೈರು ಫ್ರೇಮಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿತ್ತು. ಮೂಡಿಗೆರೆ ದಾಟಿದ ಮೇಲೆ ಮಂಜಿನಲ್ಲಿ ಹೊಸ ದೀಪದ ಜೊತೆ ಹಳೇ ದೀಪವೂ ಆರಿತು. ಹಾಲಿನ ವ್ಯಾನೊಂದರ ಹಿಂದಿನ ಕೆಂಪು ದೀಪ ನೋಡಿಕೊಂಡು ಕೊಟ್ಟಿಗೆಹಾರ ಮುಟ್ಟಿದೆ. ದೀಪಕ್ಕೆ ಬ್ಯಾಟರಿಯಿಂದ ಬೇರೆಯೇ ಲೈನ್, ಅದಕ್ಕೊಂದು ಫ್ಯೂಸ್: ಇಷ್ಟಕ್ಕೆ ಆಗುತ್ತಿದ್ದ ಖರ್ಚು ಆ ರಾತ್ರಿ ಕುಡಿದ ಟೀಗಿಂತ ಬಹಳ ಹೆಚ್ಚಿರಲಿಲ್ಲ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಪರೀಕ್ಷೆ ಬ್ರೇಕಿನದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಆ ಕನಿಷ್ಠ ಅಳತೆ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬಂದರೆ ಒಳಗೆ ಆವಿಯ ಗುಳ್ಳೆ ಎದ್ದು, ಒತ್ತಿದ ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಬೈಕು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ. ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯಿರಿ. ಲಾರಿ ಚಾಲಕರು ಇದನ್ನು ಮೊದಲಿನಿಂದಲೂ ಮಾಡುತ್ತಿದ್ದಾರೆ. ಟೈರನ್ನೂ ಘಾಟಿಗೆ ಮೊದಲು ಕೈಯಾಡಿಸಿ ನೋಡಬೇಕು. ಹೆದ್ದಾರಿಯಲ್ಲೇ ಓಡಿದ ಟೈರು ನಡುವೆ ಚಪ್ಪಟೆಯಾಗಿರುತ್ತದೆ. ತಿರುವಿನಲ್ಲಿ ವಾಲಿಸುವಾಗ ಬೈಕು ಮೊದಲು ಹಿಂಜರಿದು ಆಮೇಲೆ ದಡಕ್ಕನೆ ವಾಲುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಕಾಣುತ್ತದೆ. 2423 ಎಂದಿದ್ದರೆ 2023ರ 24ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುವವರು ಮೀಟರಿಗಿಂತ ಮೊದಲು ಇದನ್ನು ಓದಲಿ.

ಕಾನೂನಿನ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬೀದಿ ನಡುಗಿಸುವ ಸೈಲೆನ್ಸರಿಗೆ ದಂಡ ಕಟ್ಟುವವರ ಬಗ್ಗೆ ನನಗೆ ಮರುಕವಿಲ್ಲ. ಆರು ಗಂಟೆ ಆ ಬೈಕಿನ ಮೇಲೆ ಕೂತವನ ಕಿವಿಯ ಬಗ್ಗೆ ಇದೆ.

ದಾರಿ ಗೊತ್ತುಮಾಡುವಾಗ ಇನ್ನೊಂದನ್ನು ಮರೆಯಬೇಡಿ. ನಮ್ಮ ಜಾವಾ ತಯಾರಾದ ಮೈಸೂರಿಗೆ ಬೆಂಗಳೂರಿನಿಂದ ಹೋಗುವ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಅದು ನೂರು ಸಿಸಿಯಾದರೂ ಸಾವಿರ ಸಿಸಿಯಾದರೂ. ಸರ್ವಿಸ್ ರಸ್ತೆಯೇ ಗತಿ. ಮ್ಯಾಪು ಹೇಳಿದ ಸಮಯಕ್ಕೆ ಒಂದು ಗಂಟೆ ಕೂಡಿಸಿಕೊಂಡು ಹೊರಡಿ. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗ ಚೈನನ್ನೊಮ್ಮೆ ಬೆರಳಲ್ಲಿ ಎತ್ತಿ ನೋಡಿ.