ಕಡಲೆಕಾಯಿ ಮನೆಯಲ್ಲಿ ಅಪ್ಪನ ಎರಡು ದಿನ

ನಮ್ಮ ಗಡಿ ಸೀಮೆಯ ರೈತನಿಗೆ ಎತ್ತು ಯಾವ ಹೊತ್ತಿಗೆ ನೀರು ಕುಡಿಯುತ್ತದೆ, ಯಾವ ಹೊಲಕ್ಕೆ ಎಷ್ಟು ಬೀಜ ಬೇಕು, ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ರೇಟೆಷ್ಟು, ಚಳ್ಳಕೆರೆಯಲ್ಲಿ ಎಷ್ಟು ಎಂಬುದೆಲ್ಲ ಬಾಯಿಪಾಠ. ಅದೇ ರೈತನನ್ನು, ನಿನ್ನ ಚಿಕ್ಕ ಮಗು ಹಸಿವಾದಾಗ ಹೇಗೆ ಅಳುತ್ತದೆ, ನಿದ್ದೆ ಬಂದಾಗ ಹೇಗೆ ಅಳುತ್ತದೆ ಎಂದು ಕೇಳಿ ನೋಡಿ. "ಅದೆಲ್ಲ ಅವಳಿಗೆ ಗೊತ್ತು" ಎನ್ನುತ್ತಾನೆ. ಆ "ಅವಳು" ಎರಡು ದಿನ ಮನೆಯಲ್ಲಿ ಇಲ್ಲದಿದ್ದರೆ?

ನನಗೆ ಆ ಪಾಳಿ ಬಂದದ್ದು 1998ರ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ. ಕುಂದುರ್ಪಿ ಕಡೆ ಅದು ಹೊಲದ ಕೆಲಸ ಕಮ್ಮಿಯಾಗುವ ಕಾಲ. ಮಕ್ಕಳು ಸಾಕೆಂದ ಹೆಂಗಸರು ಆಪರೇಷನ್ ಮಾಡಿಸಿಕೊಳ್ಳುವುದೂ ಆಗಲೇ. ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಆಸ್ಪತ್ರೆಗೆಂದು ಬಸ್ಸು ಹತ್ತಿದಳು. ಪಾವಗಡ ಕಡೆಯಿಂದ ಬಂದಿದ್ದ ನಮ್ಮತ್ತೆ ಅವಳ ಜೊತೆಗೆ ಹೋದರು. ನನ್ನ ತಾಯಿ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದವರು ನಾನು, ನಾಲ್ಕು ವರ್ಷದ ಮಗ, ಎರಡು ತುಂಬದ ಮಗಳು, ಮತ್ತೆ ನಡುಮನೆ ತುಂಬ ರಾಶಿ ಹಾಕಿದ್ದ ಕಡಲೆಕಾಯಿ.

ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ಅನ್ನ ಮೆತ್ತಗಿರ್ಲಿ. ನಿದ್ದೆ ಬಂದ್ರೆ ಕಿವಿ ಹಿಡ್ಕೊಂತಾಳೆ, ಹಸಿವು ಅಂತ ತಿಳ್ಕೊಂಡು ತಿನ್ನಿಸಬ್ಯಾಡಿ. ರಾಶಿ ಹತ್ರ ಮಾತ್ರ ಬಿಡಬ್ಯಾಡಿ."

ಕಾಳು ಚಿಕ್ಕದು, ಅಪಾಯ ದೊಡ್ಡದು

ಕಡೆಯ ಮಾತು ಎಲ್ಲಕ್ಕಿಂತ ದೊಡ್ಡದು. ನಮಗೆ ಅನ್ನ ಕೊಡುವ ಕಡಲೆಬೀಜವೇ ಚಿಕ್ಕ ಮಕ್ಕಳ ಉಸಿರಿಗೆ ಶತ್ರು. ನಮ್ಮ ದೇಶದಲ್ಲಿ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಹೆಚ್ಚಿನ ಪಾಲು ಕಡಲೆಬೀಜದ್ದು. ಎಳೆ ಮಕ್ಕಳಿಗೆ ಅಗಿಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಬಾಯಲ್ಲಿ ಕಾಳಿಟ್ಟುಕೊಂಡು ಓಡುವಾಗ, ನಗುವಾಗ, ಅಳುವಾಗ ಅದು ಉಸಿರಿನ ದಾರಿಗೆ ಜಾರುತ್ತದೆ. ಅಲ್ಲಿ ತೇವ ಹೀರಿ ಉಬ್ಬುತ್ತದೆ. ಎಕ್ಸ್‌ರೇಯಲ್ಲಿ ಕಾಳು ಸಾಮಾನ್ಯವಾಗಿ ಕಾಣುವುದಿಲ್ಲ. ಮೊದಲು ಜೋರು ಕೆಮ್ಮು ಬಂದು ಆಮೇಲೆ ತಣ್ಣಗಾದರೆ ನಾವು ವಾಸಿಯಾಯಿತು ಎಂದುಕೊಳ್ಳುತ್ತೇವೆ. ಕೆಲವು ದಿನಕ್ಕೆ ಜ್ವರ, ಗೊರಗೊರ ಶುರುವಾಗುತ್ತದೆ. ಆಗ ವೈದ್ಯರ ಹತ್ತಿರ "ಕಡಲೆಬೀಜ ತಿಂತಿದ್ದಾಗ ಕೆಮ್ಮು ಬಂತು" ಎಂದು ಹೇಳುವ ಒಂದು ಮಾತೇ ಮಗುವನ್ನು ಉಳಿಸಬಹುದು.

ನಾಲ್ಕೈದು ವರ್ಷದವರೆಗೆ ಇಡೀ ಬೀಜ ಕೊಡಬಾರದು. ಪುಡಿ ಮಾಡಿ ಉಂಡೆ ಕಟ್ಟಿ ಕೊಡಿ. ಗಂಟಲಿಗೆ ಸಿಕ್ಕಿಕೊಂಡು ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಆಗದೆ, ದನಿ ಹೊರಡದೆ ಹೋದರೆ ತೊಡೆಯ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ, ಎರಡು ಹೆಗಲಿನ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ತಟ್ಟಬೇಕು. ಆದರೂ ಬರದಿದ್ದರೆ, ವರ್ಷ ದಾಟಿದ ಮಗುವನ್ನು ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಎದೆಯ ನಡುವೆ ಐದು ಸಲ ಒತ್ತಬೇಕು. ಕಾಣದ ಕಾಳಿಗಾಗಿ ಬಾಯಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಜೊತೆಗೆ ಯಾರಿಂದಲಾದರೂ 108ಕ್ಕೆ ಫೋನ್ ಮಾಡಿಸಿ. ಆಂಧ್ರದಲ್ಲಿ 2005ರಿಂದ, ಕರ್ನಾಟಕದಲ್ಲಿ 2008ರಿಂದ ಈ ವಾಹನವಿದೆ. ನಮಗೆ ಆಗ ಅದೂ ಇರಲಿಲ್ಲ.

ಮಗುವಿನ ಎತ್ತರದಿಂದ

ಬಸ್ಸು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ರಾಶಿಗೆ ಗೋಣಿತಟ್ಟು ಅಡ್ಡ ಕಟ್ಟಿದ್ದು. ಎರಡನೆಯದು, ನೆಲದ ಮೇಲೆ ಕೂತು ಮನೆಯನ್ನೆಲ್ಲ ಮಗಳ ಕಣ್ಣಳತೆಯಲ್ಲಿ ನೋಡಿದ್ದು. ನಿಂತು ನೋಡುವ ಮನೆ ಬೇರೆ, ಕೂತು ನೋಡುವ ಮನೆ ಬೇರೆ. ಬಾಗಿಲ ಸಂದಿಯಲ್ಲಿ ಸೀಮೆಎಣ್ಣೆ ಬಾಟ್ಲಿ, ಮೂಲೆಯಲ್ಲಿ ಕುಡುಗೋಲು, ಹಿತ್ತಿಲಲ್ಲಿ ದನ ನೀರು ಕುಡಿಯುವ ಬಾನಿ. ಒಂದೊಂದನ್ನೇ ಅಟ್ಟಕ್ಕೇರಿಸಿದೆ, ಬಾನಿಯ ನೀರು ಚೆಲ್ಲಿದೆ. ಎರಡು ವರ್ಷದ ಮಗು ಮುಳುಗುವುದಕ್ಕೆ ಬಾವಿಯೇ ಬೇಕಿಲ್ಲ, ಗೇಣುದ್ದ ನೀರು ಸಾಕು.

ರೈತನ ಮನೆಯ ಅಪಾಯಗಳಲ್ಲಿ ಬಹುಪಾಲು ಹೊಲಕ್ಕೆಂದು ತಂದ ಸಾಮಾನುಗಳೇ. ಬಿತ್ತನೆ ಕಾಲದಲ್ಲಿ ಔಷಧಿ ಹಚ್ಚಿದ ಬಣ್ಣದ ಬೀಜ ಮಕ್ಕಳಿಗೆ ಮಿಠಾಯಿಯ ಹಾಗೆ ಕಾಣುತ್ತದೆ. ಔಷಧಿ ಡಬ್ಬಿಯ ಮೇಲಿನ ತ್ರಿಕೋನ ಕೆಂಪಗಿದ್ದರೆ ಅತಿ ಘೋರ ವಿಷ; ಹಳದಿ, ನೀಲಿ, ಹಸಿರು ಅದರ ಕೆಳಗಿನ ಮೆಟ್ಟಿಲುಗಳು. ಹಸಿರೆಂದರೂ ವಿಷವೇ. ಮಗು ಔಷಧಿಯನ್ನೋ ಸೀಮೆಎಣ್ಣೆಯನ್ನೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. ನೀರು ಬೀಳದ ಬೋರುಗಳ ಬಾಯಿ ಮುಚ್ಚಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ನಮ್ಮ ಹೊಲದ ಬೋರು ಮುಚ್ಚಿದೆಯೋ ಇಲ್ಲವೋ ನಾವೇ ನೋಡಬೇಕು.

ಹಾಲು, ಪಾಲು

ಹಗಲು ಹೇಗೋ ಕಳೆಯಿತು. ರಾತ್ರಿಯೇ ಕಷ್ಟ. ನಮ್ಮದು ಎರಡು ಭಾಷೆಯ ಮನೆ. ಅವಳದು ಕನ್ನಡ, ನನ್ನದು ತೆಲುಗು, ಪದ್ಯ ಬರೆಯುವಾಗ ಮಾತ್ರ ಎರಡೂ. ಮಗಳು ಅಳುತ್ತ ಕೂತಾಗ "ಪಾಲು ತಾಗುತಾವಾ?" ಅಂದೆ. ಮುಖ ತಿರುಗಿಸಿದಳು. "ಹಾಲು ಕುಡೀತೀಯಾ ಕಂದಾ?" ಅಂದೆ. ಅಳು ನಿಲ್ಲಿಸಿ ನೋಡಿದಳು, ಕೈ ಚಾಚಿದಳು. ಹಳಗನ್ನಡದಲ್ಲಿ ಹಾಲಿಗೂ ಪಾಲ್ ಎಂದೇ ಇತ್ತು, ಪಂಡಿತರಿಗೆ ಎರಡೂ ಒಂದೇ. ಕತ್ತಲಲ್ಲಿ ಅಮ್ಮನನ್ನು ಹುಡುಕುವ ಕೂಸಿಗೆ ಒಂದೇ ಅಲ್ಲ. ಗಡಿನಾಡಿನ ಅಪ್ಪಂದಿರು ತಮ್ಮ ಮಕ್ಕಳ ತಾಯಿನುಡಿ ಕಲಿತಿರಬೇಕು. ಜೋಗುಳದ "ಜೋ ಜೋ" ಮಾತ್ರ ಎರಡೂ ಭಾಷೆಗೆ ಒಂದೇ. ಆ ರಾತ್ರಿ ನನ್ನ ಪುಣ್ಯ.

ಭಾನುವಾರ ಅಂಗನವಾಡಿಗೆ ರಜೆ. ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು, ಮಗನ ಕೈ ಹಿಡಿದು ಅಂಗಡಿಗೆ ಹೋದೆ. ಕಟ್ಟೆಯ ಮೇಲಿದ್ದವರು "ಏಮನ್ನಾ, ಈ ರೋಜು ನುವ್ವೇ ಅಮ್ಮಾ?" ಎಂದು ನಕ್ಕರು. "ಕಾದು, ನಾಯ್ನನೇ" ಅಂದೆ. ಅಪ್ಪ ಮಗುವನ್ನು ಎತ್ತಿಕೊಂಡರೆ ಅವನಿಗೆ ಅಮ್ಮ ಎಂಬ ಹೆಸರು ಏಕೆ ಬೇಕು?

ಲೆಕ್ಕದಲ್ಲಿ ಗಂಡಸರು ಎಲ್ಲಿ?

ಈಗ ಅಂಕಿ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಆಂಧ್ರದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ನೂರಕ್ಕೆ ಸುಮಾರು 70 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡ ಮಾಡಿಸಿಕೊಂಡದ್ದು ನೂರಕ್ಕೆ ಒಂದೂ ಇಲ್ಲ. ಗಂಡಸರದು ಇನ್ನೂ ಸುಲಭದ ಆಪರೇಷನ್ ಆದರೂ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆದದ್ದು 289 ನಿಮಿಷ, ಗಂಡಸರು 88 ನಿಮಿಷ.

ಕಾನೂನು ಬರೆಯುವವರೂ ನಮ್ಮಂತೆಯೇ. ಉದ್ಯೋಗ ಖಾತ್ರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ಸಿಕ್ಕಿದ್ದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲೇ. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು ಎಂದು ಆ ಕಾಯ್ದೆ ಹೇಳಿತು. ಒಳ್ಳೆಯ ಮಾತು. ಆದರೆ "ಅಲ್ಲಿನ ಹೆಂಗಸರಲ್ಲೇ ಒಬ್ಬರನ್ನು" ಎಂದೂ ಹೇಳಿತು.

ನನ್ನ ಹೆಂಡತಿ ಭಾನುವಾರ ಸಂಜೆ ಬಂದಳು. ಕೆಲವು ವಾರ ಭಾರ ಎತ್ತಬಾರದು ಎಂದು ವೈದ್ಯರು ಹೇಳಿ ಕಳಿಸಿದ್ದರು. ಎರಡು ವರ್ಷದ ಮಗುವೂ ಭಾರವೇ. ಹಾಗಾಗಿ ಎರಡು ದಿನಕ್ಕೆಂದು ಬಂದ ಪಾಳಿ ನನ್ನ ಕೈಯಲ್ಲೇ ಉಳಿಯಿತು, ಮಕ್ಕಳು ದೊಡ್ಡವರಾಗುವ ತನಕ. ನಷ್ಟವೇನೂ ಆಗಲಿಲ್ಲ.

ಓದುವ ರೈತ ಬಾಂಧವರಿಗೆ, ವ್ಯಾಪಾರಿ ಮಿತ್ರರಿಗೆ ನಾನು ಹೇಳುವುದಿಷ್ಟೇ. ಆಸ್ಪತ್ರೆಯ ಅಥವಾ ತವರಿನ ತುರ್ತು ಬರುವ ತನಕ ಕಾಯಬೇಡಿ. ಬಿಡುವಿನ ಒಂದು ಭಾನುವಾರ ಹೆಂಡತಿಯನ್ನು ಸಂತೋಷದಿಂದ ಬಸ್ಸು ಹತ್ತಿಸಿ ಬನ್ನಿ. ಆಮೇಲೆ ಒಮ್ಮೆ ನಿಮ್ಮ ಮನೆಯ ನೆಲದ ಮೇಲೆ ಕೂತು ಸುತ್ತಲೂ ನೋಡಿ.