ಕಾಡಿನಲ್ಲಿ ರೇಡಿಯೋ, ಕಡಲಲ್ಲಿ ಸದ್ದು

ಕಾಫಿ ಕುಯ್ಲಿನ ದಿನಗಳಲ್ಲಿ ಮೂಡಿಗೆರೆ ಕಡೆಯ ತೋಟದ ರೈಟರು ಆಳುಗಳನ್ನು ಸಾಲಿಗೆ ಇಳಿಸುವ ಮುಂಚೆ ಮೊಬೈಲ್ ನೋಡುತ್ತಾರೆ: ಆನೆ ಇವತ್ತು ಎಲ್ಲಿದೆ? ಎಷ್ಟೋ ಸಲ ಉತ್ತರ ಬರುವುದು ಆನೆಯ ಕೊರಳಿನಿಂದಲೇ. ಗುಂಪು ನಡೆಸುವ ಹೆಣ್ಣಾನೆಗೆ ಅರಿವಳಿಕೆ ಕೊಟ್ಟು ರೇಡಿಯೋ ಕಾಲರ್ ತೊಡಿಸಿದರೆ ಇಡೀ ಗುಂಪಿನ ಜಾಡು ಸಿಗುತ್ತದೆ. ಕಾಲರ್‌ನೊಳಗಿನ ಜಿಪಿಎಸ್ ಜಾಗ ಗುರುತಿಸುತ್ತದೆ, ಮೊಬೈಲ್ ಟವರ್ ಅಥವಾ ಉಪಗ್ರಹ ಅದನ್ನು ಅರಣ್ಯ ಇಲಾಖೆಗೆ ಮುಟ್ಟಿಸುತ್ತದೆ. ಹೊರದೇಶದ ಕಾಲರ್ 16–17 ಕಿಲೋ ತೂಗುತ್ತಿತ್ತು. 2025ರ ಜನವರಿಯಲ್ಲಿ ಬಿಡುಗಡೆಯಾದ ನಮ್ಮದೇ ಕೆಪಿ ಟ್ರ್ಯಾಕರ್ ಸುಮಾರು 7 ಕಿಲೋ. ಹೊರುವ ಪ್ರಾಣಿಯ ದೃಷ್ಟಿಯಿಂದ ಇದು ಸಣ್ಣ ಮಾತಲ್ಲ.

ಇದನ್ನೇ ಮೀನಿಗೆ ಕಟ್ಟಬಹುದೇ? ಕಳಸದ ಭದ್ರೆಯಂಥ ಸಿಹಿನೀರಿನಲ್ಲಿ, ಆಳವಿಲ್ಲದ ಕಡೆ ರೇಡಿಯೋ ಟ್ಯಾಗ್ ನಡೆಯುತ್ತದೆ. ಆದರೆ ಕುದುರೆಮುಖದ ಬೆಟ್ಟಗಳಲ್ಲಿ ಹುಟ್ಟಿದ ನೇತ್ರಾವತಿ ಮಂಗಳೂರಿನಲ್ಲಿ ಸಮುದ್ರ ಸೇರಿದ ಮೇಲೆ ಆಟ ಬದಲು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಹಾಗಾಗಿ ರೇಡಿಯೋ ಅಲೆಯನ್ನು ಬೇಗ ನುಂಗಿಬಿಡುತ್ತದೆ.

ಅಲ್ಲಿ ದೂರ ಹೋಗುವುದು ಸದ್ದು. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ ಸಮುದ್ರದಲ್ಲಿ ಸುಮಾರು 1500 ಮೀಟರ್ ಓಡುತ್ತದೆ. ಮೀನಿನ ಹೊಟ್ಟೆಯೊಳಗೆ ಪುಟ್ಟ ಟ್ಯಾಗ್ ಇಟ್ಟು ಹೊಲಿಯುತ್ತಾರೆ. ಅದು ಆಗಾಗ ನಮ್ಮ ಕಿವಿಗೆ ನಿಲುಕದ ಸ್ವರದಲ್ಲಿ, ಸಾಮಾನ್ಯವಾಗಿ 69 ಕಿಲೋಹರ್ಟ್ಸ್‌ನಲ್ಲಿ, ಮಿಡಿಯುತ್ತದೆ. ಮಿಡಿತಗಳ ನಡುವಿನ ಬಿಡುವೇ ಆ ಮೀನಿನ ಗುರುತು ಸಂಖ್ಯೆ. ತಳದಲ್ಲಿ ನೆಟ್ಟ ರಿಸೀವರ್‌ಗೆ ಕೇಳುವುದು ಸಾಧಾರಣವಾಗಿ ಕೆಲವು ನೂರು ಮೀಟರ್‌ವರೆಗೆ ಮಾತ್ರ. ಕಡಲೋ ಅಪಾರ.

ಹಾಗಾಗಿ ಕಿವಿಯನ್ನೇ ಮೀನಿನ ಬಳಿಗೆ ಕಳಿಸಿದರು. ಗ್ಲೈಡರ್ ಎಂಬುದು ಆಳಿಲ್ಲದೆ ಈಜುವ ಯಂತ್ರ. ಅದು ಪ್ರೊಪೆಲ್ಲರ್ ತಿರುಗಿಸಿ ಓಡುವುದಿಲ್ಲ. ಒಳಗಿನ ಎಣ್ಣೆಯನ್ನು ಹೊರಚೀಲಕ್ಕೆ ತಳ್ಳಿದರೆ ಗಾತ್ರ ಹಿಗ್ಗಿ ಮೇಲೇಳುತ್ತದೆ, ಮರಳಿ ಎಳೆದುಕೊಂಡರೆ ಮುಳುಗುತ್ತದೆ. ರೆಕ್ಕೆಗಳು ಆ ಏರಿಳಿತವನ್ನೇ ಮುನ್ನಡೆಯಾಗಿಸುತ್ತವೆ. ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ. ಎಂಜಿನ್ ಗದ್ದಲವಿಲ್ಲದ್ದರಿಂದ ಟ್ಯಾಗಿನ ಕ್ಷೀಣ ಸದ್ದೂ ದಾಖಲಾಗುತ್ತದೆ. ನೀರೊಳಗೆ ಜಿಪಿಎಸ್ ಸಿಗದು. ಮೇಲೆದ್ದಾಗಲೇ ತನ್ನ ಜಾಗ ತಿಳಿದು ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ.

ಗ್ಲೈಡರ್‌ಗೆ ಏನೂ ಕೇಳಿಸಲಿಲ್ಲವೆಂದರೆ ಅಲ್ಲಿ ಮೀನಿಲ್ಲವೆಂದಲ್ಲ. ನಮ್ಮ ತೋಟಗಳಿಗೂ ಈ ಮಾತು ಸಲ್ಲುತ್ತದೆ. ಕಾಲರ್ ಇಲ್ಲದ ಒಂಟಿ ಸಲಗ ಯಾವ ಮೊಬೈಲಿಗೂ ತಾನಾಗಿ ಬರುವುದಿಲ್ಲ. ಸಂದೇಶ ಬರದ ದಿನವೂ, ಮಂಜು ಕವಿದ ಬೆಳಗಿನಲ್ಲಿ ಆಳುಗಳನ್ನು ಕಳಿಸುವ ಮುಂಚೆ ದಯವಿಟ್ಟು ಹೆಜ್ಜೆ, ಲದ್ದಿ, ಮುರಿದ ಬೇಲಿ ನೋಡಿಕೊಳ್ಳಿ.